ಕುಲುಮೆಯನ್ನು ಮರೆತ ವಿಮಾನಚರಿತ್ರೆ

ವಿಮಾನದ ಹುಟ್ಟನ್ನು ಕನ್ನಡದಲ್ಲಿ ವಿವರಿಸುವ ಪಠ್ಯಪುಸ್ತಕಗಳೂ ಪತ್ರಿಕಾ ಬರಹಗಳೂ ಸಮಾರಂಭದ ಭಾಷಣಗಳೂ ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ನಡೆಯುತ್ತವೆ. ಹಕ್ಕಿಯನ್ನು ಕಂಡ ಮನುಷ್ಯನಿಗೆ ಹಾರುವ ಆಸೆ ಹುಟ್ಟಿತು, ಪ್ರತಿಭಾವಂತರು ರೆಕ್ಕೆಯ ರಹಸ್ಯವನ್ನು ಅರಿತರು, 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ತಮ್ಮ ಯಂತ್ರಕ್ಕೆ ಒಂದು ಎಂಜಿನ್ ಕೂರಿಸಿ ಹಾರಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಈ ನಿರೂಪಣೆಯಲ್ಲಿ ಎಂಜಿನ್ ಬೇಕಾದಾಗ ತಂದು ಜೋಡಿಸಬಹುದಾದ ಒಂದು ಸಿದ್ಧವಸ್ತು ಮಾತ್ರ. ಅದು ಯಾವ ಲೋಹದ್ದು, ಆ ಲೋಹವನ್ನು ಯಾರು ಎಲ್ಲಿ ಕರಗಿಸಿದರು, ಹೇಗೆ ಹದ ಮಾಡಿದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವೇ ಇಲ್ಲ. ವಿಮಾನವೆಂದರೆ ಕಲ್ಪನೆ ಮತ್ತು ವಿನ್ಯಾಸ, ಲೋಹವೆಂದರೆ ಹಣ ಕೊಟ್ಟರೆ ಪೇಟೆಯಲ್ಲಿ ಸಿಗುವ ಸರಕು ಎಂಬ ಈ ನಂಬಿಕೆ ವಿದ್ಯಾವಂತರಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಅದನ್ನು ಒಂದು ಅಭಿಪ್ರಾಯವೆಂದು ಗುರುತಿಸುವುದೇ ಕಷ್ಟವಾಗಿದೆ. ಆದಿಕಾಲದ ವಿಮಾನ ಎಂಜಿನ್ನುಗಳ ಚರಿತ್ರೆಯನ್ನು ಬಿಡಿಭಾಗಗಳ ಮಟ್ಟಕ್ಕೆ ಇಳಿದು ನೋಡಿದರೆ ಈ ನಂಬಿಕೆ ಸುಳ್ಳೆಂದು ಕಾಣುತ್ತದೆ, ಮತ್ತು ಅದು ಮಾಡುತ್ತಿರುವ ಹಾನಿಯನ್ನು ಕಾಣಲು ಶಿವಮೊಗ್ಗ ಜಿಲ್ಲೆಗಿಂತ ತಕ್ಕ ಸ್ಥಳ ಬೇರೆಯಿಲ್ಲ.

1923ರ ಜನವರಿ 18ರಂದು ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಕೆಲಸ ಆರಂಭಿಸಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿ ತಿಂಗಳಲ್ಲೇ, ಅದೇ ಕಾರ್ಖಾನೆಯ ಉತ್ತರಾಧಿಕಾರಿಯಾದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ ಅದರ ಒಡೆತನ ಹೊಂದಿರುವ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ ಒಪ್ಪಿಗೆ ನೀಡಿತು. ಮರುತಿಂಗಳು, ಫೆಬ್ರವರಿ 27ರಂದು, ಶಿವಮೊಗ್ಗದ ಹೊರವಲಯದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಒಂದು ಕಡೆ ಮುಗಿದ ಯುಗ, ಇನ್ನೊಂದು ಕಡೆ ಬಂದ ಯುಗ ಎಂದು ಈ ಎರಡು ಘಟನೆಗಳನ್ನು ಓದಿದವರೇ ಹೆಚ್ಚು. ಕಬ್ಬಿಣದ ಊರು ಹಳೆಯದಾಯಿತು, ಜಿಲ್ಲೆಗೆ ವಿಮಾನಯುಗ ಕಾಲಿಟ್ಟಿತು ಎಂಬ ಮಾತಿನಲ್ಲಿ ಯಾರಿಗೂ ವಿರೋಧ ಕಾಣಲಿಲ್ಲ. ವಿಮಾನ ನಿಲ್ದಾಣ ಬಂದದ್ದು ಸಂತೋಷದ ವಿಷಯವೇ. ಮಲೆನಾಡಿನ ರೋಗಿಗೆ, ವಿದ್ಯಾರ್ಥಿಗೆ, ವ್ಯಾಪಾರಿಗೆ ಅದರಿಂದ ಅನುಕೂಲವಿದೆ. ತಪ್ಪಿರುವುದು ಆ ಎರಡು ಘಟನೆಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು, ಒಂದು ಇನ್ನೊಂದರ ಜಾಗಕ್ಕೆ ಬರಬಲ್ಲದೆಂದು ಭಾವಿಸಿದ್ದರಲ್ಲಿ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಸೋಗಾನೆಗೆ ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಫ್ರಾನ್ಸಿನಲ್ಲಿ ಜೋಡಿಸಲ್ಪಟ್ಟ ಎಟಿಆರ್. ಅದರ ಎರಡು ಎಂಜಿನ್ನುಗಳು ಕೆನಡಾದ ಪ್ರ್ಯಾಟ್ ಅಂಡ್ ವಿಟ್ನಿ ಸಂಸ್ಥೆಯವು. ರನ್‌ವೇ ಇದ್ದ ಮಾತ್ರಕ್ಕೆ ಒಂದು ನಾಡು ವಿಮಾನಯುಗವನ್ನು ಪ್ರವೇಶಿಸುವುದಿಲ್ಲ, ವಿಮಾನಯುಗದ ಗಿರಾಕಿಯಾಗುತ್ತದೆ ಅಷ್ಟೆ.

ರೈಟ್ ಸಹೋದರರ ಎಂಜಿನ್ನಿನಿಂದಲೇ ವಾದವನ್ನು ಆರಂಭಿಸಬೇಕು, ಏಕೆಂದರೆ ವಿರುದ್ಧ ಪಕ್ಷ ಹೆಚ್ಚಾಗಿ ಆಧರಿಸುವುದು ಅದನ್ನೇ. ಸಹೋದರರು 1902ರ ಕೊನೆಯಲ್ಲಿ ಹಲವು ಮೋಟಾರು ತಯಾರಕರಿಗೆ ಪತ್ರ ಬರೆದು, ತೂಕ ಕಡಿಮೆಯಿರುವ, ಎಂಟೊಂಬತ್ತು ಅಶ್ವಶಕ್ತಿಯ ಎಂಜಿನ್ ಸಿಗುವುದೇ ಎಂದು ವಿಚಾರಿಸಿದರು. ತೃಪ್ತಿಕರವಾದ ಉತ್ತರ ಎಲ್ಲಿಂದಲೂ ಬರಲಿಲ್ಲ. ಪೇಟೆಯಲ್ಲಿ ಸಿಗದ ಆ ವಸ್ತುವನ್ನು ಡೇಟನ್ ನಗರದ ತಮ್ಮ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲ್ಸ್ ಟೇಲರ್ ಅವರ ಕೈಯಲ್ಲಿ ಮಾಡಿಸಬೇಕಾಯಿತು. ಟೇಲರ್ ಅವರ ಬಳಿ ಇದ್ದ ಮುಖ್ಯ ಸಾಧನಗಳೆಂದರೆ ಒಂದು ಲೇತ್ ಮತ್ತು ಒಂದು ಡ್ರಿಲ್ಲಿಂಗ್ ಯಂತ್ರ. ಪಿಸ್ಟನ್ನುಗಳ ಮೇಲೆ ಕೆಳಗಿನ ಚಲನೆಯನ್ನು ಸುತ್ತುವ ಚಲನೆಯಾಗಿ ಬದಲಿಸುವ ಬಾಗುಬಾಗಿನ ದಂಡಕ್ಕೆ ಕ್ರ್ಯಾಂಕ್‌ಶಾಫ್ಟ್ ಎನ್ನುತ್ತಾರೆ. ಎಂಜಿನ್ನಿನಲ್ಲಿ ಅತ್ಯಂತ ಹೆಚ್ಚು ತಿರುಚಾಟಕ್ಕೆ ಒಳಗಾಗುವ ಭಾಗ ಅದು. ಟೇಲರ್ ಅದನ್ನು ಸುಮಾರು 31 ಅಂಗುಲ ಉದ್ದ, 6 ಅಂಗುಲ ಅಗಲ, ಒಂದೂವರೆ ಅಂಗುಲಕ್ಕಿಂತ ತುಸು ದಪ್ಪದ, ಇಂಗಾಲದಂಶ ಹೆಚ್ಚಿರುವ ಉಕ್ಕಿನ ಹಲಗೆಯಿಂದ ಕಡೆದರು. ಹಲಗೆಯ ಮೇಲೆ ಆಕಾರವನ್ನು ಗುರುತು ಮಾಡಿ, ಅದರ ಅಂಚಿನುದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದು, ಬೇಡದ ಭಾಗವನ್ನು ಉಳಿ ಸುತ್ತಿಗೆಯಿಂದ ಹೊಡೆದು ಉದುರಿಸಿ, ಉಳಿದದ್ದನ್ನು ಲೇತಿಗೆ ಕಟ್ಟಿ ನಯಗೊಳಿಸಿದರು. ಕೊನೆಯಲ್ಲಿ ಅದರ ತೂಕ 19 ಪೌಂಡು. ಸುಮಾರು ಆರು ವಾರಗಳಲ್ಲಿ ಎಂಜಿನ್ ಸಿದ್ಧವಾಯಿತು.

ಈ ಆರು ವಾರಗಳೇ ಜನಪ್ರಿಯ ಚರಿತ್ರೆಯ ದೊಡ್ಡ ಆಕರ್ಷಣೆ. ಒಬ್ಬ ಸೈಕಲ್ ಮೆಕ್ಯಾನಿಕ್ ಆರು ವಾರದಲ್ಲಿ ಮಾಡಬಹುದಾದದ್ದಾದರೆ ಎಂಜಿನ್ ಅಂಥ ದೊಡ್ಡ ಸಂಗತಿಯೇನಲ್ಲ ಎಂಬ ನಿರ್ಣಯಕ್ಕೆ ಓದುಗ ತಾನಾಗಿಯೇ ಬರುತ್ತಾನೆ. ಆದರೆ ಆ ಉಕ್ಕಿನ ಹಲಗೆ ಟೇಲರ್ ಅವರ ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಇಂಗಾಲದ ಪ್ರಮಾಣ ತಿಳಿದಿರುವ, ಒಳಗೆ ಗುಳ್ಳೆಯಿಲ್ಲದ, ಉಳಿಯ ಏಟಿಗೆ ಸೀಳದ ಉಕ್ಕು ಸಣ್ಣ ಊರಿನ ಅಂಗಡಿಗೂ ಸಲೀಸಾಗಿ ದೊರಕುವಂತೆ ಮಾಡಲು ಅಮೆರಿಕದ ಕಬ್ಬಿಣದ ಉದ್ಯಮಕ್ಕೆ ಹಲವು ದಶಕಗಳು ಬೇಕಾಗಿದ್ದವು. ಡೇಟನ್ ಆಗಲೇ ಯಂತ್ರಭಾಗಗಳನ್ನು ತಯಾರಿಸುವ ಊರಾಗಿತ್ತು. ಅಲ್ಲಿ ಫೌಂಡ್ರಿಗಳಿದ್ದವು, ಅಚ್ಚು ಕಟ್ಟುವವರಿದ್ದರು, ಎರಕದ ದೋಷವನ್ನು ಕಣ್ಣಳತೆಯಲ್ಲೇ ಗುರುತಿಸುವ ಕೆಲಸಗಾರರಿದ್ದರು. ಆರು ವಾರದ ಕೆಲಸದ ಕೆಳಗೆ ಅರ್ಧ ಶತಮಾನದ ಕುಲುಮೆಯಿತ್ತು. ಅದನ್ನು ಲೆಕ್ಕದಿಂದ ಬಿಟ್ಟ ಚರಿತ್ರೆ ಟೇಲರ್ ಅವರಿಗೂ ನ್ಯಾಯ ಒದಗಿಸುವುದಿಲ್ಲ, ಏಕೆಂದರೆ ಅವರ ಜಾಣ್ಮೆ ಇದ್ದದ್ದೇ ಒಳ್ಳೆಯ ಲೋಹದಿಂದ ಏನು ಕೇಳಬಹುದು, ಏನು ಕೇಳಬಾರದು ಎಂಬ ತಿಳಿವಳಿಕೆಯಲ್ಲಿ.

ಆ ಎಂಜಿನ್ನಿನ ಹೊರಕವಚದ ಕಥೆ ಇನ್ನೂ ಮಹತ್ವದ್ದು. ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಟ್ಟು ಸಿಲಿಂಡರುಗಳಿಗೆ ಆಸರೆಯಾಗುವ ಪೆಟ್ಟಿಗೆಯಂಥ ಭಾಗವೇ ಕ್ರ್ಯಾಂಕ್‌ಕೇಸ್. ಅದನ್ನು ಬೀಡು ಕಬ್ಬಿಣದಲ್ಲಿ ಎರೆದಿದ್ದರೆ ತೂಕ ಮಿತಿ ಮೀರುತ್ತಿತ್ತು. ಆದ್ದರಿಂದ ಶೇಕಡ 8ರಷ್ಟು ತಾಮ್ರ ಬೆರೆಸಿದ ಅಲ್ಯೂಮಿನಿಯಂನಲ್ಲಿ ಡೇಟನ್ನಿನ ಫೌಂಡ್ರಿಯೊಂದು ಎರೆದುಕೊಟ್ಟಿತು. ವಿದ್ಯುತ್ತಿನ ನೆರವಿನಿಂದ ಅಲ್ಯೂಮಿನಿಯಂ ತೆಗೆಯುವ ವಿಧಾನ ಕಂಡುಹಿಡಿಯಲ್ಪಟ್ಟದ್ದು 1886ರಲ್ಲಿ. ಅದಕ್ಕೆ ಮೊದಲು ಆ ಲೋಹ ಒಡವೆಗೆ ಬಳಸುವಷ್ಟು ದುಬಾರಿಯಾಗಿತ್ತು. 1903ರ ಫೆಬ್ರವರಿಯ ಪರೀಕ್ಷೆಯಲ್ಲಿ ಬೇರಿಂಗುಗಳು ಕಚ್ಚಿಕೊಂಡು ಕವಚ ಒಡೆದುಹೋಯಿತು, ಹೊಸ ಎರಕ ಬರುವವರೆಗೆ, ಅಂದರೆ ಏಪ್ರಿಲ್‌ವರೆಗೆ, ಕೆಲಸ ನಿಂತಿತು. ಹಾರಾಟದ ವೇಳಾಪಟ್ಟಿಯನ್ನು ಆ ಎರಡು ತಿಂಗಳು ನಿರ್ಧರಿಸಿದ್ದು ಫೌಂಡ್ರಿ. 1994ರಲ್ಲಿ ಪ್ರಕಟವಾದ ಲೋಹಶಾಸ್ತ್ರೀಯ ಅಧ್ಯಯನವೊಂದು ಆ ಕವಚದ ಲೋಹವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಯೂಮಿನಿಯಂನ ಒಳಗೆ ತಾಮ್ರದ ಪರಮಾಣುಗಳು ಅತಿಸೂಕ್ಷ್ಮ ಗುಂಪುಗಳಾಗಿ ಕೂಡಿಕೊಂಡು ಲೋಹವನ್ನು ಗಟ್ಟಿಗೊಳಿಸಿದ್ದನ್ನು ತೋರಿಸಿತು. ಕಾಲ ಮತ್ತು ಶಾಖದಿಂದ ಮಿಶ್ರಲೋಹ ಹೀಗೆ ಬಲಗೊಳ್ಳುವುದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಗಮನಿಸಿದ್ದು ಇದಾದ ಕೆಲವು ವರ್ಷಗಳ ಮೇಲೆ. ಅದರ ಕಾರಣವನ್ನು ವಿಜ್ಞಾನಿಗಳು ವಿವರಿಸಿದ್ದು 1919ರಲ್ಲಿ. ಹೆಸರಿಲ್ಲದ ಎರಕಗಾರರ ಕೈಯಲ್ಲಿ ಲೋಹ ಆಗಲೇ ಆ ಗುಣವನ್ನು ಪಡೆದಿತ್ತು. ಜ್ಞಾನ ಪುಸ್ತಕದಿಂದ ಕಾರ್ಖಾನೆಗೆ ಇಳಿದುಬರುತ್ತದೆ ಎಂಬ ಸುಲಭ ಚಿತ್ರವನ್ನು ಈ ಒಂದು ಎರಕದ ತುಂಡು ತಲೆಕೆಳಗು ಮಾಡುತ್ತದೆ.

ಎದುರುಪಕ್ಷದ ಅತ್ಯಂತ ಬಲವಾದ ಆಕ್ಷೇಪವನ್ನು ಇಲ್ಲಿ ಎತ್ತಿಕೊಳ್ಳಬೇಕು. ರೈಟರ ಎಂಜಿನ್ ಆ ಕಾಲದ ಉತ್ತಮ ಎಂಜಿನ್ ಆಗಿರಲೇ ಇಲ್ಲ. ಸುಮಾರು 81 ಕಿಲೋ ತೂಗುತ್ತಿದ್ದ ಅದು ಕೊಡುತ್ತಿದ್ದದ್ದು 12 ಅಶ್ವಶಕ್ತಿ. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ವಿಮಾನಕ್ಕಾಗಿ ಚಾರ್ಲ್ಸ್ ಮ್ಯಾನ್ಲಿ ಸಿದ್ಧಪಡಿಸಿದ ಐದು ಸಿಲಿಂಡರುಗಳ ಎಂಜಿನ್, ತಂಪು ನೀರೂ ಸೇರಿ ಸುಮಾರು 94 ಕಿಲೋ ತೂಕದಲ್ಲಿ 52 ಅಶ್ವಶಕ್ತಿ ಕೊಡುತ್ತಿತ್ತು. ಆದರೂ ಲ್ಯಾಂಗ್ಲಿ ಅವರ ವಿಮಾನ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ ಪೊಟೋಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನಗಳ ನಂತರ ರೈಟರು ದುರ್ಬಲ ಎಂಜಿನ್ನಿನಲ್ಲೇ ಹಾರಿದರು. ಹಾಗಾದರೆ ವಿನ್ಯಾಸವೇ ಮುಖ್ಯ, ಎಂಜಿನ್ ಗೌಣ ಎಂಬುದು ಸಾಬೀತಾಯಿತಲ್ಲ ಎಂದು ಕೇಳಬಹುದು. ಮೊದಲ ಹಾರಾಟ ಯಾರದು ಎಂಬ ಪ್ರಶ್ನೆಯ ಮಟ್ಟಿಗೆ ಈ ಮಾತು ನಿಜ: ಗಾಳಿಯಲ್ಲಿ ಯಂತ್ರವನ್ನು ಹಿಡಿತದಲ್ಲಿಡುವ ವಿದ್ಯೆ ರೈಟರಿಗೆ ಸಿದ್ಧಿಸಿತ್ತು, ಲ್ಯಾಂಗ್ಲಿ ಅವರಿಗೆ ಸಿದ್ಧಿಸಿರಲಿಲ್ಲ. ಆದರೆ ಅಂದಿನ ಅತಿ ದೀರ್ಘ ಹಾರಾಟ ನಡೆದದ್ದು 59 ಸೆಕೆಂಡು, 852 ಅಡಿ. ಒಂದು ನಿಮಿಷ ತುಂಬದ ಆ ಹಾರಾಟ ಒಂದು ಸಾಧ್ಯತೆಯ ಪ್ರಮಾಣವಾಗಿತ್ತೇ ಹೊರತು ವಿಮಾನಯಾನವಾಗಿರಲಿಲ್ಲ. ಗಂಟೆಗಟ್ಟಲೆ ಹಾರುವ, ಪ್ರಯಾಣಿಕನನ್ನೋ ಟಪಾಲನ್ನೋ ಹೊರುವ, ನಾಳೆಯೂ ಹಾರಬಲ್ಲ ಯಂತ್ರವಾಗಿ ವಿಮಾನ ಬೆಳೆದದ್ದು ಮುಂದಿನ ಹದಿನೈದು ವರ್ಷಗಳಲ್ಲಿ. ಆ ಅವಧಿಯಲ್ಲಿ ರೆಕ್ಕೆ ಬದಲಾದದ್ದಕ್ಕಿಂತ ಎಂಜಿನ್ನಿನ ಲೋಹ ಬದಲಾದದ್ದು ಹೆಚ್ಚು.

ಫ್ರಾನ್ಸಿನ ಸೆಗ್ಯಾಂ ಸಹೋದರರು ರೂಪಿಸಿ 1909ರಿಂದ ಬಳಕೆಗೆ ತಂದ ನೋಮ್ ಎಂಜಿನ್ ಇದಕ್ಕೆ ಅತ್ಯುತ್ತಮ ಸಾಕ್ಷಿ. ಅದರ ವಿನ್ಯಾಸ ಇಂದಿನವರಿಗೆ ವಿಚಿತ್ರವೆನಿಸುತ್ತದೆ: ಕ್ರ್ಯಾಂಕ್‌ಶಾಫ್ಟ್ ವಿಮಾನದ ದೇಹಕ್ಕೆ ಬಿಗಿದು ಅಲುಗಾಡದೆ ನಿಂತಿರುತ್ತದೆ, ಅದರ ಸುತ್ತ ಏಳು ಸಿಲಿಂಡರುಗಳೂ ಕವಚವೂ ಪ್ರೊಪೆಲ್ಲರಿನೊಂದಿಗೆ ಗಿರಗಿರನೆ ತಿರುಗುತ್ತವೆ. ತಿರುಗುವ ಸಿಲಿಂಡರುಗಳು ಗಾಳಿಗೆ ಒಡ್ಡಿಕೊಂಡು ತಾವಾಗಿಯೇ ತಣಿಯುವುದರಿಂದ ನೀರು, ನೀರಿನ ಕೊಳವೆ, ರೇಡಿಯೇಟರುಗಳ ಭಾರ ಉಳಿಯಿತು. ಸುಮಾರು 75 ಕಿಲೋ ತೂಕ, 50 ಅಶ್ವಶಕ್ತಿ. ರೈಟರ ಎಂಜಿನ್ನಿನಲ್ಲಿ ಒಂದು ಅಶ್ವಶಕ್ತಿಗೆ ಏಳು ಕಿಲೋದಷ್ಟು ಲೋಹ ಬೇಕಾಗಿದ್ದರೆ ಇಲ್ಲಿ ಒಂದೂವರೆ ಕಿಲೋ ಸಾಕಾಯಿತು. ಈ ಜಾಣ ವಿನ್ಯಾಸವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಮಿನಿಟಿಗೆ ಸಾವಿರಕ್ಕೂ ಹೆಚ್ಚು ಬಾರಿ ಸುತ್ತುವ ಸಿಲಿಂಡರು ಹೊರಕ್ಕೆ ಕಿತ್ತೆಸೆಯುವ ಬಲವನ್ನೂ ಒಳಗಿನ ಸ್ಫೋಟದ ಒತ್ತಡವನ್ನೂ ಒಟ್ಟಿಗೆ ತಡೆಯಬೇಕು, ಹಾಗಿದ್ದೂ ಅದರ ಗೋಡೆ ಬರಿಯ ಒಂದೂವರೆ ಮಿಲಿಮೀಟರಿನಷ್ಟು ತೆಳುವಿರಬೇಕು. ಎರಕದ ಕಬ್ಬಿಣ ಅದನ್ನು ತಾಳಲಾರದು. ಸೆಗ್ಯಾಂ ಸಹೋದರರು ನಿಕ್ಕಲ್ ಬೆರೆಸಿದ ಉಕ್ಕಿನ ಗಟ್ಟಿ ತುಂಡನ್ನು ಬಡಿದು ಹದಗೊಳಿಸಿ, ಪ್ರತಿಯೊಂದು ಸಿಲಿಂಡರನ್ನೂ ಅದನ್ನು ತಣಿಸುವ ತೆಳು ಏಣುಗಳ ಸಮೇತ ಆ ತುಂಡಿನಿಂದಲೇ ಕಡೆದು ತೆಗೆಯುತ್ತಿದ್ದರು. ಮೂಲ ಲೋಹದ ಬಹುಪಾಲು ಲೇತಿನ ಕೆಳಗೆ ತುರಿಯಾಗಿ ಬೀಳುತ್ತಿತ್ತು. ನಿಕ್ಕಲ್ ಉಕ್ಕು ಇಲ್ಲದ ದೇಶದಲ್ಲಿ ಅದೇ ನಕ್ಷೆ ಕೈಗೆ ಸಿಕ್ಕಿದ್ದರೂ ಅದು ಕಾಗದವಾಗಿಯೇ ಉಳಿಯುತ್ತಿತ್ತು.

ಇದೇ ಎಂಜಿನ್ನಿಗೆ ಕೀಲೆಣ್ಣೆಯಾಗಿ ಹರಳೆಣ್ಣೆಯನ್ನು ಹಾಕುತ್ತಿದ್ದರೆಂಬುದನ್ನು ಕರ್ನಾಟಕದ ಓದುಗರಿಗೆ ತಿಳಿಸಬೇಕು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದುಹೋಗುತ್ತಿದ್ದುದರಿಂದ ಮಾಮೂಲಿ ಖನಿಜತೈಲ ಅದರಲ್ಲಿ ಕರಗಿ ಕೊಚ್ಚಿಹೋಗುತ್ತಿತ್ತು; ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಗುಣ ಹರಳೆಣ್ಣೆಗಿತ್ತು. ಮೊದಲ ಮಹಾಯುದ್ಧದಲ್ಲಿ ಹರಳಿನ ಬೀಜ ಯುದ್ಧಸಾಮಗ್ರಿಯಾಗಿ, ಅಮೆರಿಕದ ಸರ್ಕಾರ ಏಷ್ಯಾದಿಂದ ಬೀಜ ತರಿಸಿ ತನ್ನ ರೈತರಿಂದ ಬಿತ್ತಿಸಬೇಕಾಯಿತು. ಎಂಜಿನ್ ಕೇವಲ ನಕ್ಷೆಯ ಮಗುವಾಗಿದ್ದರೆ ಹೊಲದ ಬೆಳೆಯನ್ನು ಅವಲಂಬಿಸುವ ಅವಸ್ಥೆ ಅದಕ್ಕೆ ಬರುತ್ತಿರಲಿಲ್ಲ.

ಹೊಗೆ ಹೊರಹೋಗುವ ಬಾಗಿಲಾದ ನಿಷ್ಕಾಸ ವಾಲ್ವಿನ ಪಾಡು ಇನ್ನೂ ಕಠಿಣ. ಉರಿಯುವ ಅನಿಲ ಪ್ರತಿ ಸುತ್ತಿನಲ್ಲೂ ಅದನ್ನು ಸವರಿಕೊಂಡೇ ಹೋಗುತ್ತದೆ. ಲೋಹ ಕೆಂಡದ ಬಣ್ಣಕ್ಕೆ ಕಾದು, ಆ ಸ್ಥಿತಿಯಲ್ಲೇ ಸಾವಿರಾರು ಬಾರಿ ತನ್ನ ಪೀಠಕ್ಕೆ ಬಡಿದುಕೊಳ್ಳಬೇಕು. ಮಾಮೂಲಿ ಉಕ್ಕಿನ ವಾಲ್ವುಗಳು ಸುಟ್ಟು, ಬಾಗಿ, ತಲೆ ಕಳಚಿ ಬೀಳುತ್ತಿದ್ದವು, ಮತ್ತು ಆದಿಕಾಲದ ವೈಮಾನಿಕರು ಎಂಜಿನ್ ನಿಂತು ಹೊಲಗಳಲ್ಲಿ ಇಳಿಯಬೇಕಾಗುತ್ತಿದ್ದ ಸಂದರ್ಭಗಳಲ್ಲಿ ವಾಲ್ವುಗಳ ಪಾಲು ದೊಡ್ಡದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗಳ ಸವೆತಕ್ಕೆ ಪರಿಹಾರ ಹುಡುಕುತ್ತ ಸುಮಾರು ಶೇಕಡ 13ರಷ್ಟು ಕ್ರೋಮಿಯಂ ಇರುವ, ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದರು. ಇಂದು ಅದನ್ನು ಎಲ್ಲರೂ ಅಡುಗೆಮನೆಯ ಸ್ಟೀಲ್ ಎಂದೇ ಬಲ್ಲರು. ಆದರೆ ಯುದ್ಧಕಾಲದಲ್ಲಿ ಶೆಫೀಲ್ಡಿನ ಫರ್ತ್ ಕಂಪನಿ ಅದನ್ನು ಮಾರಿದ್ದು ವಿಮಾನದ ಉಕ್ಕು ಎಂಬ ಹೆಸರಿನಲ್ಲಿ, ಎಂಜಿನ್ನುಗಳ ನಿಷ್ಕಾಸ ವಾಲ್ವಿಗಾಗಿ. ಒಂದು ಕುಲುಮೆಯಲ್ಲಿ ಬೆರೆಸಿದ ಲೋಹದ ಪ್ರಮಾಣ ಬದಲಾದದ್ದರಿಂದ ವಿಮಾನದ ಆಯುಷ್ಯ ಹೆಚ್ಚಿತು. ರೆಕ್ಕೆಯ ಚರಿತ್ರೆ ಬರೆಯುವವರು ಶೆಫೀಲ್ಡಿನ ಹೆಸರನ್ನು ಎತ್ತುವುದೇ ಇಲ್ಲ.

ಈ ಹಿನ್ನೆಲೆಯಲ್ಲಿ ಭದ್ರಾವತಿಯನ್ನು ಮತ್ತೆ ನೋಡಬೇಕು. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಆ ಊರಿನಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪಿಸುವ ಯೋಜನೆಗೆ ಮೈಸೂರು ಸಂಸ್ಥಾನ ಕೈಹಾಕಿದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಬಂಡಿಗುಡ್ಡದ ಸುಣ್ಣಕಲ್ಲು, ಭದ್ರಾ ನದಿಯ ನೀರು ಹತ್ತಿರದಲ್ಲೇ ಇದ್ದವು, ಇಲ್ಲದ್ದೆಂದರೆ ಕಲ್ಲಿದ್ದಲು. ಆದ್ದರಿಂದ ಊದುಕುಲುಮೆಯನ್ನು ಮಲೆನಾಡಿನ ಮರದ ಇದ್ದಿಲಿನಿಂದ ಉರಿಸಿದರು. ಇದನ್ನು ಬಡತನದ ಉಪಾಯವೆಂದು ಬಗೆಯುವವರುಂಟು. ಲೋಹಶಾಸ್ತ್ರದ ದೃಷ್ಟಿ ಬೇರೆ: ಕಲ್ಲಿದ್ದಲಿನ ಕೋಕ್ ತನ್ನೊಳಗಿನ ಗಂಧಕವನ್ನು ಕಬ್ಬಿಣಕ್ಕೆ ದಾಟಿಸುತ್ತದೆ, ಗಂಧಕ ಸೇರಿದ ಲೋಹ ಕಾದಾಗ ಬಿರುಕು ಬಿಡುತ್ತದೆ, ಇದ್ದಿಲಿನಲ್ಲಿ ಗಂಧಕ ಅತ್ಯಲ್ಪವಾದ್ದರಿಂದ ಆ ಕಬ್ಬಿಣ ಶುದ್ಧತೆಗೆ ಹೆಸರಾಗಿತ್ತು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಬರುವ ಆವಿಯನ್ನೂ ಅಲ್ಲಿ ವ್ಯರ್ಥ ಮಾಡಲಿಲ್ಲ. ಅದನ್ನು ತಣಿಸಿ ಮರದ ಮದ್ಯಸಾರ, ಟಾರು ಮತ್ತು ಸುಣ್ಣದ ಅಸಿಟೇಟನ್ನು ತೆಗೆಯುತ್ತಿದ್ದರು. ಸುಣ್ಣದ ಅಸಿಟೇಟಿನಿಂದ ದೊರೆಯುವ ಅಸಿಟೋನ್ ಎಂಬ ದ್ರವವೇ ಆ ಕಾಲದ ವಿಮಾನಗಳ ಬಟ್ಟೆಯ ರೆಕ್ಕೆಗಳನ್ನು ಬಿಗಿಗೊಳಿಸಲು ಬಳಿಯುತ್ತಿದ್ದ ಲೇಪಕ್ಕೆ ದ್ರಾವಕ, ಮತ್ತು ಹೊಗೆರಹಿತ ಮದ್ದಿನ ತಯಾರಿಕೆಗೂ ಬೇಕಾದದ್ದು. ಕಾರ್ಖಾನೆ ಪೂರ್ಣವಾಗುವ ಹೊತ್ತಿಗೆ ಯುದ್ಧ ಮುಗಿದು ಬೆಲೆಗಳು ಕುಸಿದವು, ಮೊದಲ ವರ್ಷಗಳು ನಷ್ಟದಲ್ಲಿ ಕಳೆದವು, ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ ಅದನ್ನು ನಿಲ್ಲಿಸಿಕೊಳ್ಳಬೇಕಾಯಿತು. ಆದರೆ 1918ರಲ್ಲಿ ಆ ಕಾರ್ಖಾನೆಯನ್ನು ಯೋಚಿಸಿದವರು ತಮ್ಮ ಕಾಲದ ಮುಂಚೂಣಿಯ ಉದ್ಯಮಗಳ ಕಚ್ಚಾವಸ್ತುವನ್ನೇ ಯೋಚಿಸಿದ್ದರು.

ಭದ್ರಾವತಿಯ ಲೋಹದಿಂದ ವಿಮಾನದ ಎಂಜಿನ್ ತಯಾರಾಯಿತೆಂಬುದು ಇಲ್ಲಿಯ ವಾದವಲ್ಲ. ಅಂಥ ಎಂಜಿನ್ನಿಗೆ ಮೊದಲು ಇರಬೇಕಾದದ್ದು ಅಲ್ಲಿ ಕಟ್ಟಲ್ಪಟ್ಟಿತ್ತು ಎಂಬುದು ವಾದ. 1930ರ ದಶಕದಲ್ಲಿ ಉಕ್ಕು, 1940ರ ದಶಕದಲ್ಲಿ ಫೆರೋಸಿಲಿಕಾನ್, 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕಬ್ಬಿಣದ ಕುಲುಮೆಗಳು, 1960ರ ದಶಕದಲ್ಲಿ ಮಿಶ್ರಲೋಹದ ವಿಶೇಷ ಉಕ್ಕು ಎಂಬ ಕ್ರಮವನ್ನು ಗಮನಿಸಿದರೆ, ಲೋಹದ ಮೇಲಿನ ಹಿಡಿತ ಒಂದು ಊರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಬೆಳೆಯುತ್ತದೆ ಎಂಬುದು ತಿಳಿಯುತ್ತದೆ. ಶಿವಮೊಗ್ಗದಲ್ಲೂ, ಅದಕ್ಕೂ ಭದ್ರಾವತಿಗೂ ನಡುವಿನ ಮಾಚೇನಹಳ್ಳಿಯಲ್ಲೂ ಇಂದು ವಾಹನಗಳ ಬಿಡಿಭಾಗ ಎರೆಯುವ ಫೌಂಡ್ರಿಗಳು ನೆಲೆಗೊಂಡಿರುವುದನ್ನು ಈ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು.

ಭದ್ರಾವತಿಯ ಕಾರ್ಖಾನೆ ಕಟ್ಟಲ್ಪಡುತ್ತಿದ್ದ 1918ರಿಂದ 1923ರವರೆಗಿನ ಅವಧಿಯಲ್ಲೇ, ಅದೇ ಸಂಸ್ಥಾನದಲ್ಲಿ, ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ವೈಮಾನಿಕ ಶಾಸ್ತ್ರವೆಂಬ ಸಂಸ್ಕೃತ ಗ್ರಂಥವನ್ನು ಬಾಯಲ್ಲಿ ಹೇಳಿ ಬರೆಸಿದರು. 1973ರಲ್ಲಿ ಮೈಸೂರಿನಿಂದ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಅದನ್ನು ಪರಿಶೀಲಿಸಿ, ಭಾಷೆ ಪ್ರಾಚೀನವಲ್ಲವೆಂದೂ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದೆಂದೂ, ಅದರಲ್ಲಿ ವರ್ಣಿಸಿರುವ ಯಂತ್ರಗಳು ಹಾರಲಾರವೆಂದೂ ತೋರಿಸಿದರು. ಐವತ್ತು ವರ್ಷ ಕಳೆದರೂ ಆ ಗ್ರಂಥದ ಹೆಸರಿನಲ್ಲಿ ಆಡುವ ಪಾದರಸದ ಎಂಜಿನ್ನಿನ ಮಾತು ಕನ್ನಡದ ವೇದಿಕೆಗಳಲ್ಲಿ ನಿಂತಿಲ್ಲ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವಿದ್ಯಾವಂತರು ಒಂದು ವಿಷಯವನ್ನು ಗಮನಿಸಬೇಕು: ಸರಿಯಾದ ಪಠ್ಯ ಸಿಕ್ಕರೆ ವಿಮಾನ ಸಿಕ್ಕಂತೆಯೇ ಎಂದು ಆ ಗ್ರಂಥದ ಭಕ್ತರು ನಂಬುತ್ತಾರೆ, ಸರಿಯಾದ ವಿನ್ಯಾಸ ಸಿಕ್ಕರೆ ವಿಮಾನ ಸಿಕ್ಕಂತೆಯೇ ಎಂದು ವಿದ್ಯಾವಂತರು ನಂಬುತ್ತಾರೆ. ಎರಡರಲ್ಲೂ ಕುಲುಮೆ ಇಲ್ಲ. ಗ್ರಂಥ ಲೋಹಗಳ ಹೆಸರುಗಳನ್ನು ಸಾಲುಸಾಲಾಗಿ ಕೊಡುತ್ತದೆ, ಆದರೆ ಅವನ್ನು ಎರೆದು, ಒಡೆದು, ತೂಗಿ, ಮತ್ತೆ ಎರೆದವರ ಒಂದು ಕುರುಹೂ ಅದರ ಹಿಂದಿಲ್ಲ. ಅದೇ ಐದು ವರ್ಷಗಳಲ್ಲಿ ಬೆಂಕಿಪುರದ ಬಯಲಿನಲ್ಲಿ ನಿಜವಾದ ಲೋಹವನ್ನು ಕರಗಿಸಲು ನಿಜವಾದ ಜನ ಕಷ್ಟಪಡುತ್ತಿದ್ದರು. ಕನ್ನಡ ನಾಡು ತನ್ನ ವಿಮಾನವಿದ್ಯೆಯ ಹೆಮ್ಮೆಯನ್ನು ಎಲ್ಲಿ ಹುಡುಕಬೇಕಿತ್ತೋ ಅಲ್ಲಿ ಹುಡುಕಲಿಲ್ಲ ಎಂಬುದು ನೋವಿನ ಸಂಗತಿ.

ಸ್ವತಂತ್ರ ಭಾರತದ ವಿಮಾನೋದ್ಯಮ ಇದೇ ಮರೆವಿನ ಬೆಲೆಯನ್ನು ತೆತ್ತಿದೆ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಯೋಗದೊಂದಿಗೆ ವಾಲಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಸ್ಥಾಪಿಸಿದ, ಇಂದು ಎಚ್‌ಎಎಲ್ ಎಂದು ಕರೆಯಲ್ಪಡುವ ಹಿಂದುಸ್ತಾನ್ ಏರ್‌ಕ್ರಾಫ್ಟ್, 1951ರಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವನ್ನು ಹಾರಿಸಿತು. ದೇಹ ಭಾರತದ್ದು, ಸಿರಸ್ ಮೇಜರ್ ಎಂಜಿನ್ ಬ್ರಿಟನ್ನಿನದು. 1961ರ ಜೂನ್ 17ರಂದು ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ವಿನ್ಯಾಸವನ್ನು ಇಂದಿಗೂ ತಜ್ಞರು ಮೆಚ್ಚುತ್ತಾರೆ. ಅದಕ್ಕೆಂದು ಎಣಿಸಿದ್ದ ಆರ್ಫಿಯಸ್ 12 ಎಂಜಿನ್ ಬ್ರಿಟನ್ನಿನಲ್ಲಿ ಪೂರ್ಣಗೊಳ್ಳದೆ ನಿಂತುಹೋದಾಗ ದುರ್ಬಲವಾದ ಆರ್ಫಿಯಸ್ 703ರಲ್ಲೇ ಹಾರಬೇಕಾಯಿತು, ಶಬ್ದದ ವೇಗವನ್ನು ಮೀರಲು ಹುಟ್ಟಿದ ವಿಮಾನ ಆ ಗುರಿಯನ್ನು ಮುಟ್ಟಲಿಲ್ಲ. ಉತ್ತಮ ವಿನ್ಯಾಸವೊಂದೇ ಸಾಕೆನ್ನುವವರಿಗೆ ಮಾರುತ್ ಒಂದೇ ಉತ್ತರವಾಗಿ ಸಾಕು. ಅತ್ಯುಷ್ಣ ಮಿಶ್ರಲೋಹಗಳಿಗಾಗಿ ಹೈದರಾಬಾದಿನಲ್ಲಿ ಮಿಧಾನಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಅಂದರೆ ಮಾರುತ್ ಹಾರಿದ ಹನ್ನೆರಡು ವರ್ಷಗಳ ಮೇಲೆ. 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ಯೋಜನೆ ಎದುರಿಸಿದ ತೊಡಕುಗಳಲ್ಲಿ, ಒಂದೇ ಸ್ಫಟಿಕವಾಗಿ ಬೆಳೆಸಿದ ಟರ್ಬೈನ್ ಅಲಗುಗಳಂಥ ಲೋಹದ ಸಮಸ್ಯೆಗಳು ಮುಖ್ಯವಾದವು. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು, ತೇಜಸ್ ಇಂದಿಗೂ ಅಮೆರಿಕದ ಎಂಜಿನ್ನಿನಲ್ಲಿ ಹಾರುತ್ತಿದೆ. ಡೇಟನ್ನಿನ ಎರಕದ ಕವಚದಿಂದ ಕಾವೇರಿಯ ಅಲಗಿನವರೆಗೆ ಪ್ರಶ್ನೆ ಬದಲಾಗಿಲ್ಲ.

ಭದ್ರಾವತಿಯ ಕಾರ್ಖಾನೆ ನಷ್ಟದಲ್ಲಿತ್ತು, ಅದನ್ನು ಭಾವುಕತೆಯಿಂದ ಉಳಿಸಿಕೊಳ್ಳಲಾಗದು ಎಂಬ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. ನಷ್ಟ ನಿಜ, ಯಂತ್ರಗಳು ಹಳೆಯವಾದದ್ದು ನಿಜ, ಒಂದು ಕಾಲದಲ್ಲಿ ಇದ್ದಿಲಿಗಾಗಿ ಮಲೆನಾಡಿನ ಕಾಡು ಅಪಾರವಾಗಿ ಬರಿದಾದದ್ದೂ ನಿಜ. ಆ ಕೊನೆಯ ತಪ್ಪನ್ನು ಯಾವ ಉದ್ಯಮದ ಹೆಮ್ಮೆಯೂ ಮುಚ್ಚಿಹಾಕಬಾರದು. ಆದರೆ ಸ್ವಂತ ಗಣಿಯಿಲ್ಲದೆ, ಹೂಡಿಕೆಯಿಲ್ಲದೆ ದಶಕಗಟ್ಟಲೆ ಬಿಟ್ಟ ಕಾರ್ಖಾನೆಯನ್ನು ಟನ್ನಿನ ಲೆಕ್ಕದಲ್ಲಿ ಬೃಹತ್ ಉಕ್ಕಿನ ಸ್ಥಾವರಗಳೊಡನೆ ಹೋಲಿಸುವುದು ಅಳತೆಗೋಲನ್ನೇ ತಪ್ಪಾಗಿ ಆರಿಸಿಕೊಂಡಂತೆ. ವಿಶೇಷ ಉಕ್ಕಿನ ಬೆಲೆ ಅದರ ರಾಶಿಯಲ್ಲಿಲ್ಲ, ಅದರ ಹದದಲ್ಲಿದೆ; ನೋಮ್ ಎಂಜಿನ್ನಿಗೆ ಬೇಕಾದ ನಿಕ್ಕಲ್ ಉಕ್ಕನ್ನು ಯಾರೂ ಸೇತುವೆಯ ಉಕ್ಕಿನೊಂದಿಗೆ ತೂಕಕ್ಕಿಟ್ಟು ನೋಡಲಿಲ್ಲ. ಎರಡನೆಯ ಆಕ್ಷೇಪ, ಬೇಕಾದ ಲೋಹವನ್ನು ಹೊರಗಿನಿಂದ ಕೊಳ್ಳಬಹುದು ಎಂಬುದು. ಎಂಜಿನ್ನಿನ ಲೋಹ ಪೇಟೆಯ ಸರಕಾಗಿದ್ದರೆ ಕಾವೇರಿಯ ಅಲಗುಗಳನ್ನು ಎಂದೋ ಕೊಂಡುಕೊಳ್ಳಬಹುದಿತ್ತು. ಅದನ್ನು ತಯಾರಿಸಬಲ್ಲ ದೇಶಗಳು ಎಂಜಿನ್ ಮಾರುತ್ತವೆ, ಆದರೆ ಅಲಗನ್ನು ಬೆಳೆಸುವ ವಿದ್ಯೆಯನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತವೆ.

ರಾಜ್ಯ ಸರ್ಕಾರದ 2022ರ ವೈಮಾಂತರಿಕ್ಷ ಮತ್ತು ರಕ್ಷಣಾ ನೀತಿ ಬೆಂಗಳೂರು, ಬೆಳಗಾವಿ, ಮೈಸೂರು, ತುಮಕೂರು, ಚಾಮರಾಜನಗರಗಳನ್ನು ಕೇಂದ್ರಗಳೆಂದು ಗುರುತಿಸಿತು. ನೂರು ವರ್ಷ ಲೋಹ ಕರಗಿಸಿದ, ಮಿಶ್ರಲೋಹದ ಉಕ್ಕನ್ನು ಹದ ಮಾಡಬಲ್ಲ ಕೆಲಸಗಾರರ ಮೂರು ತಲೆಮಾರುಗಳನ್ನು ಬೆಳೆಸಿದ, ಸುತ್ತಲೂ ಫೌಂಡ್ರಿಗಳಿರುವ ಜಿಲ್ಲೆಯ ಹೆಸರು ಆ ಸಾಲಿನಲ್ಲಿ ಇಲ್ಲ. ವಿಮಾನವೆಂದರೆ ಹಾರುವ ಆಕಾರ ಎಂದು ನಂಬಿದವರಿಗೆ ಇದರಲ್ಲಿ ಕೊರತೆ ಕಾಣದಿರುವುದು ಸಹಜ. ಕುಲುಮೆ ಆರಿದ ಮೇಲೆ ಅದರ ಒಳಗೋಡೆಯ ಇಟ್ಟಿಗೆಯನ್ನು ಮತ್ತೆ ಕಟ್ಟಬಹುದು, ಯಂತ್ರವನ್ನು ಹೊಸದಾಗಿ ಕೊಳ್ಳಬಹುದು. ಕರಗಿದ ಉಕ್ಕಿನ ಬಣ್ಣ ನೋಡಿ ಅದರ ಹದ ಹೇಳುವ, ಬಡಿದ ತುಂಡಿನ ನಾದದಿಂದ ಒಳಗಿನ ಬಿರುಕನ್ನು ಗುರುತಿಸುವ ಜನ ನಿವೃತ್ತರಾಗಿ ಚದುರಿದರೆ ಅವರನ್ನು ಟೆಂಡರು ಕರೆದು ತರಲಾಗದು. ಆದ್ದರಿಂದ ಭದ್ರಾವತಿಯ ಕಾರ್ಖಾನೆಯ ಮೌಲ್ಯಮಾಪನವನ್ನು ಅದರ ನೆಲದ ಬೆಲೆಯನ್ನೂ ಕಳೆದ ವರ್ಷಗಳ ನಷ್ಟದ ಪಟ್ಟಿಯನ್ನೂ ಮುಂದಿಟ್ಟುಕೊಂಡು ಮುಗಿಸದೆ, ಎಂಜಿನ್ ಲೋಹಗಳನ್ನು ಬಲ್ಲ ಸಂಸ್ಥೆಗಳ ತಜ್ಞರು, ಅಂದರೆ ಮಿಧಾನಿ, ಎಚ್‌ಎಎಲ್‌ನ ಎಂಜಿನ್ ವಿಭಾಗ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರಜ್ಞರು, ಅಲ್ಲಿಯ ಲೋಹ ಬಡಿಯುವ ಯಂತ್ರಗಳನ್ನೂ ಪರೀಕ್ಷಾಲಯವನ್ನೂ ಕೆಲಸಗಾರರ ಪರಿಣತಿಯನ್ನೂ ಸ್ಥಳದಲ್ಲೇ ಪರಿಶೀಲಿಸಿ ವರದಿ ಕೊಡುವವರೆಗೆ ಅಂತಿಮ ತೀರ್ಮಾನವನ್ನು ತಡೆಹಿಡಿಯಬೇಕು.